ಜಗಳೂರಿನ ನಾಲ್ಕನೇ ಭಾನುವಾರ

ನಮ್ಮ ನಾಲ್ಕು ಊರಿಗೆ ಒಬ್ಬರೇ ಅಯ್ಯನವರು. ಪಾಸ್ಟರಿಗೆ ನಮ್ಮಲ್ಲಿ ಹಾಗೆ ಕರೆದು ರೂಢಿ. ಮೊದಲನೇ ಭಾನುವಾರ ಹೊನ್ನಾಳಿ, ಎರಡನೇದು ಚನ್ನಗಿರಿ, ಮೂರನೇದು ನ್ಯಾಮತಿ, ನಾಲ್ಕನೇದು ಜಗಳೂರು. ಐದನೇ ಭಾನುವಾರ ಬಂದ ತಿಂಗಳು ಅವರು ಹೆಂಡತಿ ಮಾಡಿದ ಅಡುಗೆಯನ್ನು ಬಿಸಿಬಿಸಿಯಾಗಿ ಉಣ್ಣುತ್ತಾರೆ ಎಂದು ನಾವು ತಮಾಷೆ ಮಾಡುತ್ತೇವೆ. ಯೇಸುವಿನ ಕಡೆಯ ಊಟದ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿಯನ್ನೂ ದ್ರಾಕ್ಷಾರಸದ ಪುಟ್ಟ ಲೋಟಗಳನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟು, ಬೈಕಿನ ಹಿಂದೆ ಹಗ್ಗದಿಂದ ಬಿಗಿದು ತರುತ್ತಾರೆ. ಅದನ್ನು ಕೊಡುವ ಅಧಿಕಾರ ಅವರಿಗೆ ಮಾತ್ರ. ಹಾಗಾಗಿ ಒಂದೊಂದು ಊರಿಗೆ ಆ ಭೋಜನ ತಿಂಗಳಿಗೊಮ್ಮೆ. ಉಳಿದ ಭಾನುವಾರ ನಾವೇ ಹಾಡಿ, ನಾವೇ ಓದಿ, ನಾವೇ ಪ್ರಾರ್ಥನೆ ಮಾಡಿ ಮನೆಗೆ ಹೋಗುತ್ತೇವೆ.

ತಾವಿಲ್ಲದ ಭಾನುವಾರಗಳಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ತಿಳಿಯಬೇಕೆಂದು ಅಯ್ಯನವರು ಒಂದು ಹಾಜರಿ ಪುಸ್ತಕ ಮಾಡಿಸಿದರು. ಅದನ್ನು ಯಾರಿಗೆ ಕೊಡುವುದು ಎಂಬ ಪ್ರಶ್ನೆಯೇ ಬರಲಿಲ್ಲ. ನಲ್ಲೂರಿನ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಹಾಜರಿ ಕರೆದು ನಿವೃತ್ತಳಾಗಿ, ಗಂಡ ತೀರಿಹೋದ ಮೇಲೆ ಚನ್ನಗಿರಿಯಲ್ಲಿ ಒಬ್ಬಳೇ ಇದ್ದ ನಾನು ಇದ್ದೆನಲ್ಲ. ಭಾನುವಾರ ಸಂಜೆ ಉಳಿದ ಮೂರು ಊರಿನ ಹಿರಿಯರು ಫೋನ್ ಮಾಡಿ ಹೆಸರು ಹೇಳುತ್ತಿದ್ದರು, ನಾನು ಗೆರೆ ಎಳೆದು ಬರೆಯುತ್ತಿದ್ದೆ. ಬಂದವರಿಗೆ ನೀಲಿ ಶಾಯಿ, ಗೈರಾದವರಿಗೆ ಕೆಂಪು. ಸೇವೆಯಲ್ಲಿದ್ದಾಗ ಒಂದು ದಿನವೂ ಸುಳ್ಳು ಹಾಜರಿ ಹಾಕಿದವಳಲ್ಲ ನಾನು. ಬಿಸಿಯೂಟದ ಲೆಕ್ಕಕ್ಕಾಗಿ ಎಂಟು ಮಕ್ಕಳನ್ನು ಹೆಚ್ಚಿಗೆ ತೋರಿಸಿ ಎಂದ ಹೆಡ್‌ಮಾಸ್ತರರ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ. ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುವ ಚಟವೂ ಇತ್ತು.

ಆ ಪುಸ್ತಕದಲ್ಲಿ ಜಗಳೂರಿನ ಪುಟದ ಕೊನೆಯ ಹೆಸರು ನನ್ನ ತಂಗಿಯದು. ಅದರ ಮುಂದೆ ಉದ್ದಕ್ಕೂ ಕೆಂಪು.

ನಮಗಿಬ್ಬರಿಗೂ ಒಂಬತ್ತು ವರ್ಷದ ಅಂತರ. ಅಪ್ಪ ಬೇಗ ಹೋದ. ಹೊನ್ನಾಳಿಯಲ್ಲಿ ಅಮ್ಮ ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳುವ ಕೆಲಸ ಮಾಡುತ್ತಿದ್ದಳು, ಹಾಗಾಗಿ ತಂಗಿಯನ್ನು ಎತ್ತಿ ಆಡಿಸಿದವಳು, ತಲೆ ಬಾಚಿದವಳು, ಹೊಡೆದವಳು ಎಲ್ಲ ನಾನೇ. ಅವಳು ಓದಿ, ಜಗಳೂರಿನಲ್ಲಿ ಅಂಗನವಾಡಿಗೆ ಸೇರಿಕೊಂಡಳು. ಅಲ್ಲಿಯೇ ಒಬ್ಬನನ್ನು ಮೆಚ್ಚಿ ಮದುವೆಯಾದಳು. ಅವನದು ಕುರಿ ಸಾಕುವ, ಮೆಕ್ಕೆಜೋಳ ಬೆಳೆಯುವ ಹಿಂದೂ ಮನೆ. ಒಳ್ಳೆಯವನು. ನೀನು ನಿನ್ನ ದೇವರನ್ನು ಬಿಡು ಎಂದು ಅವನು ಅವಳಿಗೆ ಒಂದು ದಿನವೂ ಹೇಳಲಿಲ್ಲ. ಕುರಿಗೆ ಬೇನೆ ಬಂದರೆ ಮಾತ್ರ, "ಮೊದ್ಲು ಡಾಕ್ಟ್ರು, ಆಮೇಲೆ ನಿನ್ ಯೇಸು, ಅಲ್ಲಿಗೂ ಆಗ್ಲಿಲ್ಲ ಅಂದ್ರೆ ನಮ್ಮನೆ ದೇವ್ರು" ಎನ್ನುತ್ತಿದ್ದನಂತೆ.

ಕಿರಿಕಿರಿ ಮಾಡಿದವರು ನಮ್ಮವರು. ಸಭೆಯ, ಅಂದರೆ ನಮ್ಮ ಕ್ರೈಸ್ತ ಕೂಟದ, ಹೊರಗೆ ಮದುವೆಯಾದವರು ಮತ್ತೆ ಕರ್ತನ ಭೋಜನ ತೆಗೆದುಕೊಳ್ಳಬೇಕಾದರೆ ಎಲ್ಲರ ಮುಂದೆ ಎದ್ದು ನಿಂತು ತಪ್ಪಾಯಿತು ಎನ್ನಬೇಕು. ಇದು ನಮ್ಮ ನಾಲ್ಕೂ ಊರಿನ ಕಮಿಟಿಯ ಹಳೆಯ ಕಟ್ಟಳೆ. ಆಗ ಇದ್ದ ಅಯ್ಯನವರು ಬೇರೆ, ವಯಸ್ಸಾದವರು, ಬಲು ಬಿಗಿ. ಜಗಳೂರಿನ ಪ್ರಾರ್ಥನೆಯ ಹಾಲ್‌ನಲ್ಲಿ ನಲವತ್ತು ಜನರ ಮುಂದೆ ನನ್ನ ತಂಗಿಯ ಹೆಸರು ಕರೆದರು. ಹೊಸ ಮದುವಣಗಿತ್ತಿ ಅವಳು. ನಾನು ಪಕ್ಕದಲ್ಲೇ ಕೂತಿದ್ದೆ. "ಏಳು, ಒಂದು ನಿಮಿಷ ನಿಂತರೆ ಏನು ಸವೆದುಹೋಗ್ತೀಯಾ" ಎಂದು ಪಿಸುಗುಟ್ಟಿ ಅವಳ ಮೊಣಕೈ ತಿವಿದೆ.

ಅವಳು ಎದ್ದಳು. ಎದ್ದು ಚಪ್ಪಲಿ ಹಾಕಿಕೊಂಡು ಹೊರಟೇ ಹೋದಳು. ಬಾಗಿಲ ಹೊರಗೆ ಹಿಡಿದು ಕೇಳಿದರೆ, "ತಪ್ಪು ಮಾಡಿದ್ರೆ ನಿಲ್ತಿದ್ದೆ ಅಕ್ಕಾ. ಗಂಡನ್ನ ತಪ್ಪು ಅಂತ ಹೆಂಗೆ ಹೇಳ್ಲಿ?" ಎಂದಳು. ಅದಾದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವಳು ಯಾವ ಸಭೆಯ ಹೊಸ್ತಿಲನ್ನೂ ತುಳಿಯಲಿಲ್ಲ.

ಹಾಗೆಂದು ಅವಳು ಏನನ್ನೂ ಬಿಟ್ಟವಳಲ್ಲ. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುತ್ತಿರಲಿಲ್ಲ. ಗಂಡ ಕುರಿ ಹೊಡೆದುಕೊಂಡು ಹೋದ ಮೇಲೆ ಸ್ನಾನ ಮಾಡಿ, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಅಮ್ಮನ ಹಳೆಯ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ಅಂಗನವಾಡಿಯಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಡುವ ಧ್ವನಿಯಲ್ಲೇ. ದಾರಿಯಲ್ಲಿ ಹೋಗುವ ಹೆಂಗಸರು ಬಿಂದಿಗೆ ಇಳಿಸಿ ಸ್ವಲ್ಪ ಹೊತ್ತು ಕೇಳಿಕೊಂಡು ಹೋಗುವುದೂ ಇತ್ತು. ಹತ್ತು ನಿಮಿಷದ ದಾರಿಯಲ್ಲಿ ನಮ್ಮವರ ಹಾಲ್ ಇತ್ತು, ಅಲ್ಲಿನ ಹಾಡು ಗಾಳಿ ಬಂದ ದಿನ ಇಲ್ಲಿಗೆ ಕೇಳುತ್ತಿತ್ತು. ಆಗ ಅವಳೂ ದನಿಗೂಡಿಸುತ್ತಿದ್ದಳು. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಕಂಡು ಸಿಟ್ಟಾಗಿದ್ದೇನೆ. ಇಷ್ಟು ಹತ್ತಿರ ಬಂದು ಒಳಗೆ ಬರದವಳ ಮೇಲೆ ಬರುವಷ್ಟು ಸಿಟ್ಟು ದೂರ ಇರುವವರ ಮೇಲೆ ಬರುವುದಿಲ್ಲ.

ರಜೆಗೆ ಹೋದಾಗಲೆಲ್ಲ ನಮ್ಮಿಬ್ಬರಿಗೂ ಅದೇ ವಾದ. ಕೋಳಿ ಸಾರು ಕುದಿಯುವುದಕ್ಕೆ ಮೊದಲು ನಾವು ಕುದಿಯುತ್ತಿದ್ದೆವು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಭೆಗೆ ಬರೋಕೆ ಸೋಮಾರಿತನ, ಅದಕ್ಕೆ ಹಳೇ ಅಯ್ಯನವರ ನೆಪ" ಎನ್ನುತ್ತಿದ್ದೆ.

"ದೇವ್ರು ಹಾಜ್ರಿ ತಗಂತಾನೇನಕ್ಕಾ?"

"ಮನೇಲಿ ಕೂತು ಓದಿದರೆ ನೀನು ಖಾಸಗಿಯಾಗಿ ಪರೀಕ್ಷೆ ಕಟ್ಟಿದ ಹಾಗೆ. ಪಾಸಾದರೂ ಶಾಲೆಗೆ ಹೋದ ಹಾಗಲ್ಲ."

"ಪಾಸಾದ್ರೆ ಸಾಕು ಬಿಡಕ್ಕಾ" ಎಂದು ನಗುತ್ತಿದ್ದಳು.

ನಾನು ನಂಬಿದ್ದು ಏನೆಂದು ಇಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತಿಗೂ ಅದು ಪೂರ್ತಿ ಸುಳ್ಳು ಎಂದು ನನಗೆ ಅನಿಸುವುದಿಲ್ಲ. ಒಬ್ಬರೇ ಕೂತು ದೇವರನ್ನು ಪ್ರೀತಿಸುವುದು ಸುಲಭ. ಬಾಯಿ ವಾಸನೆಯವರ ಪಕ್ಕ, ನಮ್ಮ ಮೇಲೆ ಚಾಡಿ ಹೇಳಿದವರ ಹಿಂದೆ, ಅಪಸ್ವರದಲ್ಲಿ ಹಾಡುವವರ ಮುಂದೆ ಕೂತು ಅದೇ ಪ್ರಾರ್ಥನೆಗೆ ಆಮೆನ್ ಹೇಳುವುದು ಕಷ್ಟ. ಆ ಕಷ್ಟವನ್ನು ಕಲಿಯಲಿ ಎಂದೇ ಸಭೆ ಇರುವುದು ಎಂದು ನಾನು ತಿಳಿದಿದ್ದೆ. ಅವಳಿಗೆ ಒಮ್ಮೆ ಹಾಗೆಯೇ ಹೇಳಿದೆ. ಅವಳು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿ, "ಆ ಜನ ನನ್ ಪಕ್ಕ ಕುಂದ್ರಾಕೆ ತಯಾರಿದ್ರಾ ಅಂತ ಮೊದ್ಲು ಕೇಳಕ್ಕಾ" ಎಂದಳು. ಉತ್ತರ ಇಲ್ಲದಾಗ ನಾನು ದನಿ ಏರಿಸುತ್ತೇನೆ, ಅಂದೂ ಏರಿಸಿದೆ. ಇಬ್ಬರಿಗೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಎರಡು ವರ್ಷದ ಹಿಂದೆ ಅವಳಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು, ಕೂದಲು ಉದುರುವ ಔಷಧಿ ಆಯಿತು. ಕೊನೆಗೆ ಒಂದು ದಿನ ಡಾಕ್ಟರು ಅವಳ ಗಂಡನನ್ನು ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗಿ, ಇಷ್ಟವಾದದ್ದನ್ನು ತಿನ್ನಿಸಿ ಎಂದರು. ಅವನು ನನಗೆ ಫೋನ್ ಮಾಡಿ ಅಷ್ಟನ್ನೇ ಹೇಳಿದ.

ನಾನು ಹೋದಾಗ ಅವಳು ಕಟ್ಟೆಯ ಮೇಲೆ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದಳು. ಮುಖ ಸಣ್ಣ ಹುಡುಗಿಯಷ್ಟಾಗಿತ್ತು. ಗಂಜಿ ಕುಡಿಸಿದೆ. ನಾಲ್ಕು ಚಮಚ ಕುಡಿದು ಸಾಕೆಂದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು.

"ಅಕ್ಕಾ, ಒಂದು ಆಸೆ ಐತೆ. ಕರ್ತನ ಭೋಜನ ತಗಬೇಕು ಅನ್ಸ್ತೈತೆ. ಈಗಿನ ಅಯ್ಯನೋರು ಒಳ್ಳೇರಂತಲ್ಲ, ಮನೆಗೆ ಬರ್ತಾರೇನು ಕೇಳು. ನಡೆಯಾಕಂತೂ ನನ್ನಿಂದ ಆಗಲ್ಲ."

ಕೇಳ್ತೀನಿ ಎಂದೆ. ಅವಳ ತಲೆಯ ಮೇಲೆ ಹೊಸದಾಗಿ ಹುಟ್ಟುತ್ತಿದ್ದ ಕೂದಲನ್ನು ಸವರಿದೆ. ಅವಳು ನನ್ನಲ್ಲಿ ಹೇಳಿಕೊಂಡ ಕೊನೆಯ ಆಸೆ ಅದು.

ಮುಂದಿನದು ಎರಡನೇ ಭಾನುವಾರ, ಅಯ್ಯನವರು ಚನ್ನಗಿರಿಗೆ ಬಂದರು. ಆರಾಧನೆ ಮುಗಿದ ಮೇಲೆ, ಅವರು ಪುಟ್ಟ ಲೋಟಗಳನ್ನು ತೊಳೆದು ಒರೆಸುವಾಗ ವಿಷಯ ಹೇಳಿದೆ. ಅವರಿಗೆ ಇನ್ನೂ ನಲವತ್ತಾಗಿರಲಿಲ್ಲ, ನಮ್ಮ ಕಡೆ ಬಂದು ಮೂರು ವರ್ಷವಾಗಿತ್ತು, ನನ್ನ ತಂಗಿಯನ್ನು ನೋಡಿದವರಲ್ಲ. ಕಮಿಟಿಯ ಕಟ್ಟಳೆ ಅವರಿಗೂ ಗೊತ್ತಿತ್ತು. ಕಾಯಿಲೆಯಿಂದ ಬರಲಾಗದವರ ಮನೆಗೆ ಭೋಜನ ಹೋಗಬಹುದು, ಸಭೆ ಬಿಟ್ಟವರ ಮನೆಗೆ ಹೋಗಬಾರದು.

"ಹೆಸರು ಪುಸ್ತಕದಲ್ಲಿ ಇದೆಯಾ ಟೀಚರ್?"

ತೋರಿಸಿದೆ. ಅವರು ಆ ಕೆಂಪು ಸಾಲನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ಕಾಯಿಲೆ ಇದ್ದದ್ದಕ್ಕೇ ಬಂದಿಲ್ಲ, ಅಲ್ವಾ?" ಎಂದರು.

ಅವರು ನನಗೆ ಬಾಗಿಲು ತೆರೆದು ಹಿಡಿದಿದ್ದರು. ಒಂದು ಹೂಂ ಸಾಕಿತ್ತು. ನಾನು, "ಇಲ್ಲ. ಕಾಯಿಲೆ ಬಂದದ್ದು ಈಗ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಬರಲ್ಲ ಅಂತಲೇ ಬಂದಿಲ್ಲ" ಎಂದೆ. ಸತ್ಯ ಹೇಳಿದೆ ಎಂಬ ಹೆಮ್ಮೆ ಆಗಲೂ ಎದೆಯಲ್ಲಿ ಒಂದಿಷ್ಟು ಉಬ್ಬಿತ್ತು. ಆ ಉಬ್ಬು ಇನ್ನೂ ನೆನಪಿದೆ, ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅಯ್ಯನವರು ಲೋಟ ಒರೆಸುವುದನ್ನು ನಿಲ್ಲಿಸಿದರು. "ಆದರೂ ನೀವು ಹೋಗಿ ಬನ್ನಿ ಅಂದರೆ ನಾಳೆಯೇ ಹೋಗ್ತೀನಿ. ಕಮಿಟಿಯವರಿಗೆ ನಾನು ಹೇಳ್ಕೊಳ್ತೀನಿ. ನಿಮ್ಮ ಒಂದು ಮಾತು ಸಾಕು ನನಗೆ" ಎಂದರು.

ನಾನು ಬೇಡ ಎಂದೆ.

"ಒಂದೇ ಒಂದು ಸಲ ಅವಳೇ ಸಭೆಗೆ ಬರಲಿ. ನಾಲ್ಕನೇ ಭಾನುವಾರ ನೀವು ಜಗಳೂರಿಗೆ ಬರ್ತೀರಲ್ಲ, ಅವತ್ತು ನಾನೇ ಆಟೋ ಮಾಡಿ ಕರ್ಕೊಂಡು ಬರ್ತೀನಿ" ಎಂದೆ. ಅವರು ಲೋಟಗಳನ್ನು ಪೆಟ್ಟಿಗೆಗೆ ಜೋಡಿಸತೊಡಗಿದರು. ಟೀಚರಿಗೆ ಎದುರು ಹೇಳುವ ಅಭ್ಯಾಸ ನಮ್ಮ ಸಭೆಯಲ್ಲಿ ಯಾರಿಗೂ ಇಲ್ಲ.

ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಬಾರಿ ನನ್ನನ್ನೇ ಕೇಳಿಕೊಂಡಿದ್ದೇನೆ. ಸಾಯುವ ಮೊದಲು ಅವಳನ್ನು ನನ್ನ ಪಕ್ಕ ಕೂರಿಸಿಕೊಂಡು ಹಾಡಬೇಕು ಎಂಬ ಆಸೆ ಇತ್ತು, ಅದು ನಿಜ. ಇಪ್ಪತ್ತು ವರ್ಷದ ವಾದದಲ್ಲಿ ಒಮ್ಮೆ ಗೆಲ್ಲಬೇಕು ಎಂಬುದೂ ಇತ್ತು, ಅದೂ ನಿಜ. ಮೂಗು ಹಿಡಿದರೆ ಬಾಯಿ ತೆರೆಯುತ್ತಾಳೆ ಎಂಬ ಲೆಕ್ಕ. ಯಾವುದು ಎಷ್ಟು ಪಾಲು ಎಂದು ಅಳೆಯಲು ಹೋಗುವುದಿಲ್ಲ, ಅಳೆದರೆ ನನಗೆ ಭಯವಾಗುತ್ತದೆ.

ಮರುದಿನ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಇಳಿದು ಜಗಳೂರಿನ ಬಸ್ಸಿಗೆ ಕಾಯುವಾಗ ಒಂದು ವಿಷಯ ಹೊಳೆಯಿತು. ಇದು ನನ್ನ ಶರತ್ತು ಎಂದು ಗೊತ್ತಾದರೆ ಅವಳು ಖಂಡಿತ ಬರುವುದಿಲ್ಲ. ನನ್ನ ಹಟ ಅವಳಿಗೆ ಹುಟ್ಟಿನಿಂದ ಗೊತ್ತು, ಅದಕ್ಕೆ ಬಗ್ಗಿದವಳಲ್ಲ. ಹಾಗಾಗಿ ಅವಳ ಕಟ್ಟೆಯ ಮೇಲೆ ಕೂತು ನೀರು ಕುಡಿದು ನಾನು ಹೇಳಿದ್ದು ಇದು:

"ಅಯ್ಯನವರು ಮನೆಗೆ ಬರೋಕಾಗಲ್ಲ ಅಂದರು ಕಣೆ. ರೂಲ್ಸ್ ಇದೆಯಂತೆ. ಒಂದು ಸಲ ನೀನೇ ಸಭೆಗೆ ಬರಬೇಕಂತೆ."

ಎಂಟು ಮಕ್ಕಳ ಸುಳ್ಳು ಹಾಜರಿ ಹಾಕದವಳು ಇಷ್ಟನ್ನು ಉಸಿರು ಎಳೆದುಕೊಳ್ಳದೆ ಹೇಳಿದೆ. ಅವಳು ಸಿಟ್ಟಾಗುತ್ತಾಳೆ, ಹಳೆಯದೆಲ್ಲ ಎತ್ತುತ್ತಾಳೆ ಎಂದು ಕಾದೆ. ಅವಳು ಸಿಟ್ಟಾಗಲಿಲ್ಲ. "ಹೌದಾ" ಎಂದಳು. ದಿಂಬಿಗೆ ಒರಗಿಕೊಂಡು, "ಪಾಪ, ಅವ್ರಾದ್ರೂ ಏನ್ ಮಾಡ್ತಾರೆ. ಬರ್ತೀನಿ ಬಿಡಕ್ಕಾ. ನಾಲ್ಕನೇ ಭಾನುವಾರ ಅಂದ್ರೆ ಇನ್ನೆಷ್ಟು ದಿನ ಐತೆ?" ಎಂದಳು.

ಒಳಗಿನಿಂದ ಅವಳ ಗಂಡ ಹೊರಗೆ ಬಂದ. "ಎದ್ದು ಕುಂದ್ರಾಕೇ ಆಗ್ತಿಲ್ಲ, ಅಲ್ಲೀಗಂಟ ಹೆಂಗೆ ಬರ್ತಾಳ್ರೀ ಅಕ್ಕಾರೆ? ಸಾಯೋ ಮನುಷ್ಯಳ ಮನೆಗೆ ಬರಾಕಾಗದಿರೋ ಅಯ್ಯನೋರು ಎಂಥೋರ್ರೀ ಅವ್ರು?" ಎಂದು ಕೂಗಿದ. ತಂಗಿಯೇ ಕೈ ಎತ್ತಿ ಅವನನ್ನು ಸುಮ್ಮನಿರಿಸಿದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ವಾಪಸ್ ಬಸ್ಸಿನಲ್ಲಿ ಕೂತಾಗ ನನಗೆ ಬೇಸರ ಇರಲಿಲ್ಲ. ಖುಷಿ ಇತ್ತು. ಅವಳು ಬರುತ್ತೇನೆ ಎಂದಿದ್ದಳು.

ನಾಲ್ಕನೇ ಭಾನುವಾರಕ್ಕೆ ಶನಿವಾರವೇ ಹೋಗಿ ಉಳಿದೆ. ಬೆಳಿಗ್ಗೆ ಅವಳನ್ನು ಕೂರಿಸಿ ಬಿಸಿನೀರಲ್ಲಿ ಮೈ ಒರೆಸಿದೆ. ಭೋಜನಕ್ಕೆ ನಮ್ಮ ಹೆಂಗಸರು ಉಡುವ ಅಂಚಿಲ್ಲದ ಬಿಳಿ ಸೀರೆ ಬೇಡ, ಮದುವೆಯಲ್ಲಿ ಗಂಡ ತಂದ ಹಸಿರು ಸೀರೆ ಉಡಿಸು ಎಂದಳು. ಸೊಂಟದಲ್ಲಿ ಸೀರೆ ನಿಲ್ಲಲಿಲ್ಲ, ಎರಡು ಸುತ್ತು ಹೆಚ್ಚು ಸುತ್ತಿ ಪಿನ್ನು ಹಾಕಿದೆ. ಆಟೋ ಬಂದು ನಿಂತಿತು. ಅವಳ ಗಂಡ ಒಂದು ಕಡೆ, ನಾನೊಂದು ಕಡೆ ಹಿಡಿದುಕೊಂಡು ಅಂಗಳದ ಅರ್ಧದವರೆಗೆ ಬಂದೆವು. ಅಲ್ಲಿ ಅವಳ ಕಾಲು ಕುಸಿಯಿತು. ಅವನು ಅವಳನ್ನು ಎತ್ತಿಕೊಂಡು ಒಳಗೆ ಮಲಗಿಸಿದ. ಬೆವರು ಧಾರಾಕಾರವಾಗಿ ಸುರಿಯುತ್ತಿತ್ತು.

"ಆಗ್ಲಿಲ್ಲಕ್ಕಾ" ಎಂದಳು. "ಅಂಗಳದ ಮಟ ಬಂದೆ ಅಂತ ಹೇಳು. ಅಷ್ಟಕ್ಕೇ ಬರ್ತಾರೇನು ಕೇಳು."

ಅವಳ ಗಂಡ ನನ್ನ ಮುಂದೆ ಕೈ ಮುಗಿದ. "ಹೋಗಿ ಕರ್ಕಂಡು ಬರ್ರಿ ಅಕ್ಕಾರೆ. ಬೇಕಾದ್ರೆ ಕಾಲು ಹಿಡೀತೀನಿ ಅಂತ ಹೇಳ್ರಿ."

ಅದೇ ಆಟೋದಲ್ಲಿ ಹೋದೆ. ಹಾಲ್‌ನ ಬಾಗಿಲಿಗೆ ಬಂದಾಗ ಮೇಜಿನ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯನ್ನು ಅಯ್ಯನವರು ಆಗಷ್ಟೇ ತೆಗೆಯುತ್ತಿದ್ದರು. ನಮ್ಮಲ್ಲಿ ಆ ಬಟ್ಟೆ ತೆಗೆದ ಮೇಲೆ ಯಾರೂ ಏಳುವುದಿಲ್ಲ, ಯಾರೂ ಮಾತಾಡುವುದಿಲ್ಲ. ಅಮ್ಮ ನಮಗೆ ಹಾಲು ಕುಡಿಯುವ ವಯಸ್ಸಿನಿಂದ ಕಲಿಸಿದ್ದು ಅದು. ಕೆಮ್ಮು ಬಂದರೂ ಸೆರಗನ್ನು ಬಾಯಿಗೆ ಒತ್ತಿಕೊಳ್ಳಬೇಕು. ನಾನು ಬಾಗಿಲಲ್ಲಿ ನಿಂತು ಕೈ ಬೀಸಬಹುದಿತ್ತು. ನೇರ ನಡೆದುಹೋಗಿ ಅವರ ಕಿವಿಯಲ್ಲಿ ಹೇಳಬಹುದಿತ್ತು. ಹೊರಗಿನವರು ಯಾರೇ ಆಗಿದ್ದರೂ ಹಾಗೆ ಮಾಡುತ್ತಿದ್ದರು, ನನ್ನ ತಂಗಿಯ ಗಂಡ ಬಂದಿದ್ದರೆ ಬಾಗಿಲಿನಿಂದಲೇ ಕೂಗುತ್ತಿದ್ದ. ನಾನು ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಹೆಂಗಸರ ಸಾಲಿನ ಕೊನೆಯ ಚಾಪೆಯ ಮೇಲೆ ಕೂತೆ. ಮುಗಿಯಲಿ, ಮುಗಿದ ತಕ್ಷಣ ಹೇಳೋಣ ಎಂದುಕೊಂಡೆ.

ರೊಟ್ಟಿಯ ತಟ್ಟೆ ಬಂತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಬಾಯಿಗೆ ಹಾಕಿಕೊಂಡೆ. ಲೋಟ ಬಂತು, ಕುಡಿದೆ. ಕುಡಿದು ಕೆಳಗಿಟ್ಟ ಮೇಲೆ ನಾನು ಏನು ಮಾಡಿದೆ ಎಂದು ಗೊತ್ತಾಯಿತು. ಅವಳಿಗಾಗಿ ಕೇಳಲು ಬಂದವಳು ನಾನು ತಿಂದು ಕೂತಿದ್ದೆ. ಆಗಲಾದರೂ ಏಳಬಹುದಿತ್ತು. ಏಳಲಿಲ್ಲ. ಎಲ್ಲರೂ ತೆಗೆದುಕೊಂಡರು, ಧ್ಯಾನ ಆಯಿತು, ನಾಲ್ಕು ಚರಣದ ಹಾಡು ಆಯಿತು. ಆಮೇಲೆ ಹಿರಿಯರೊಬ್ಬರು ಎದ್ದು ಮುಂದಿನ ವಾರ ಯಾರ ಮನೆಯಲ್ಲಿ ಪ್ರಾರ್ಥನೆ, ಹಾಲ್ ಗುಡಿಸುವ ಸರದಿ ಯಾರದು ಎಂದೆಲ್ಲ ಓದಿದರು. ಮುಕ್ಕಾಲು ಗಂಟೆ ನಾನು ಕಾಲು ಮಡಿಚಿ ಕೂತಿದ್ದೆ.

ಆಶೀರ್ವಾದ ಮುಗಿದ ಮೇಲೆ ಹೋಗಿ ಹೇಳಿದೆ. "ಈಗ ಹೇಳ್ತಿದ್ದೀರಲ್ಲ ಟೀಚರ್! ಬಂದ ತಕ್ಷಣ ಯಾಕೆ ಹೇಳಲಿಲ್ಲ?" ಎಂದು ಆ ಮನುಷ್ಯ ಮೊದಲ ಬಾರಿಗೆ ನನ್ನ ಮೇಲೆ ದನಿ ಏರಿಸಿದರು. ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಬೈಕ್ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಆ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು.

ತಂಗಿಯ ಗಂಡ ಬಾಗಿಲಲ್ಲಿ ಅಡ್ಡ ನಿಂತಿದ್ದ. ಅವನ ಹಿಂದೆ ಮಂಚ ಕಾಣುತ್ತಿತ್ತು. ಅವಳ ಕಣ್ಣು ಅರ್ಧ ತೆರೆದಿದ್ದವು, ನೋಟ ಇರಲಿಲ್ಲ. ಉಸಿರು ಗೊರಗೊರ ಎನ್ನುತ್ತಿತ್ತು. ಹಲ್ಲು ಕಚ್ಚಿಕೊಂಡಿದ್ದವು.

"ನೀವು ಹೋದ್ಮೇಲೆ ಎರಡು ಸಲ ಕೇಳಿದ್ಲು, ಅಕ್ಕ ಬಂದ್ಲಾ ಅಂತ" ಎಂದು ನನಗೆ ಹೇಳಿದ. ಆಮೇಲೆ ಅಯ್ಯನವರ ಕಡೆ ತಿರುಗಿದ. "ಈಗ ಯಾಕೆ ಬಂದ್ರೀ? ಸಭೆಗೆ ಬರದಿರೋರ ಮನೆಗೆ ನೀವು ಬರಂಗಿಲ್ಲ ಅಂದಿದ್ರಂತಲ್ಲ. ಹದಿನೈದು ದಿನ ಆತು. ಅವತ್ತೇ ಬಂದಿದ್ರೆ ಕುಂತ್ಕಂಡು ಕೈಯಾರೆ ತಗಂತಿದ್ಲು ಆಕೆ. ಈಗ ನನ್ ಹೊಸ್ತಿಲು ತುಳೀಬ್ಯಾಡ್ರಿ ನೀವು."

ಅಯ್ಯನವರು ತಿರುಗಿ ನನ್ನನ್ನು ನೋಡಿದರು. ಅಷ್ಟೇ, ಒಂದು ಗಳಿಗೆ. ಅವರಿಗೆ ಎಲ್ಲ ಅರ್ಥವಾಯಿತು ಎಂಬುದು ನನಗೆ ಅರ್ಥವಾಯಿತು. ನಾನು ಬಾಯಿ ತೆರೆದರೆ ಸಾಕಿತ್ತು. ನಾನು ಕೈಯಲ್ಲಿದ್ದ ಪೆಟ್ಟಿಗೆಯ ಕೊಂಡಿಯನ್ನು ನೋಡುತ್ತಾ ನಿಂತೆ.

"ತಪ್ಪಾಯ್ತು ಅಣ್ಣಾ" ಎಂದರು ಅಯ್ಯನವರು. "ನನ್ನದೇ ತಪ್ಪು. ಕ್ಷಮಿಸಿಬಿಡ್ರಿ."

ಅವರು ಅಂಗಳದಾಚೆ ರಸ್ತೆಯ ಮೇಲೆ ಬಿಸಿಲಲ್ಲಿ ನಿಂತು ಪ್ರಾರ್ಥನೆ ಮಾಡಿ ಹೊರಟುಹೋದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ತಂಗಿಯ ಉಸಿರು ನಿಂತಿತು. ಹೊನ್ನಾಳಿಯಲ್ಲಿ ಅಮ್ಮನ ಪಕ್ಕ ಜಾಗ ಇತ್ತು. ಅವಳ ಗಂಡ ಒಪ್ಪಲಿಲ್ಲ, ತನ್ನ ಹೊಲದಲ್ಲಿ ತನ್ನವರ ಪದ್ಧತಿಯಂತೆ ಮಣ್ಣು ಮಾಡಿದ. ಅಯ್ಯನವರು ಮಣ್ಣಿಗೂ ಬಂದರು. ದೂರದಲ್ಲಿ, ಬೈಕಿನ ಪಕ್ಕ, ಬರಿಗಾಲಲ್ಲಿ ನಿಂತಿದ್ದು ಹೋದರು. ಜನ ಅವರನ್ನು ತೋರಿಸಿ ಮಾತಾಡಿಕೊಂಡರು. ನನ್ನನ್ನು ನಾಲ್ಕು ಜನ ಹೆಂಗಸರು ಹಿಡಿದುಕೊಂಡು ಸಮಾಧಾನ ಮಾಡಿದರು.

ಈಗಲೂ ನಾನು ಒಂದು ಭಾನುವಾರವನ್ನೂ ತಪ್ಪಿಸುವುದಿಲ್ಲ. ಹಾಜರಿ ಪುಸ್ತಕವನ್ನು ಮಾತ್ರ ವಾಪಸ್ ಕೊಟ್ಟೆ, ಕಣ್ಣು ಮಂಜು ಎಂದು ನೆಪ ಹೇಳಿದೆ. ಎರಡನೇ ಭಾನುವಾರ ರೊಟ್ಟಿಯ ತಟ್ಟೆ ನನ್ನ ಮುಂದೆ ಬರುತ್ತದೆ, ನಾನು ತಲೆ ತಗ್ಗಿಸುತ್ತೇನೆ, ಅಯ್ಯನವರು ಒಂದು ಕ್ಷಣ ನಿಂತು ಮುಂದಿನವರ ಬಳಿಗೆ ಹೋಗುತ್ತಾರೆ. ಟೀಚರಿಗೆ ಶುಗರ್ ಬಂದಿರಬೇಕು, ಅದಕ್ಕೇ ದ್ರಾಕ್ಷಾರಸ ಬಿಟ್ಟಿದ್ದಾರೆ ಎಂದು ಹಿಂದಿನ ಸಾಲಿನವರು ಮಾತಾಡಿಕೊಂಡದ್ದು ಕಿವಿಗೆ ಬಿತ್ತು. ನಗು ಬಂತು, ಆಮೇಲೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಸಭೆಗೆ ಹೋಗದೆಯೂ ನಂಬಿಕೆ ಉಳಿಯುತ್ತದೆಯೇ ಎಂದು ಅವಳ ಜೊತೆ ಇಪ್ಪತ್ತು ವರ್ಷ ಜಗಳವಾಡಿದೆ. ಸಭೆಗೆ ಹೋಗುತ್ತಾ ಹೋಗುತ್ತಾ ಅದು ಎಲ್ಲಿ ಹೋಯಿತು ಎಂದು ಈಗ ಹುಡುಕುತ್ತಿದ್ದೇನೆ.

ಒಂದು ಸಲ ಅಯ್ಯನವರು ಮನೆಗೇ ಬಂದರು. ಕಾಫಿ ಕೊಟ್ಟೆ. ನನ್ನ ಬಾಯಿಂದ ಮಾತು ಹೊರಡುವ ಮೊದಲೇ, "ನನಗೆ ಹೇಳಬೇಕಾಗಿಲ್ಲ ಟೀಚರ್, ನನಗೆ ಗೊತ್ತಿದೆ. ನನ್ನ ಮನಸ್ಸಲ್ಲಿ ಏನೂ ಇಲ್ಲ. ನಿಮ್ಮ ತಂಗಿಯ ಯಜಮಾನರಿಗೆ ಹೇಳಿ" ಎಂದರು. ಹೇಳ್ತೀನಿ ಎಂದೆ.

ಮೊನ್ನೆ ವರ್ಷ ತುಂಬುವ ಹೊತ್ತಿಗೆ ತಂಗಿಯ ಗಂಡನ ಫೋನ್ ಬಂತು. "ನಮ್ಮದೇನೈತೋ ಅದನ್ನ ನಾವು ಮಾಡ್ತೀವಿ ಅಕ್ಕಾರೆ. ಆಕೇದೂ ಒಂದು ಆಗ್ಬೇಕಲ್ಲ. ನೀವು ಬಂದು ಓದಿ ಪ್ರಾರ್ಥನೆ ಮಾಡ್ರಿ. ಆ ಅಯ್ಯನೋರು ಮಾತ್ರ ಬ್ಯಾಡ."

ಈ ಸಲ ಹೇಳಿಯೇ ಬರುತ್ತೇನೆ ಎಂದು ನಿರ್ಧರಿಸಿ ಹೋದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ಮೆಕ್ಕೆಜೋಳ ಎದೆಯೆತ್ತರ ಬೆಳೆದಿತ್ತು, ನಡುವೆ ಅವಳ ಮಣ್ಣಿನ ದಿಬ್ಬವನ್ನು ಸುಣ್ಣ ಬಳಿದ ಕಲ್ಲು ಇಟ್ಟು ಗುರುತು ಮಾಡಿದ್ದ. ಅಮ್ಮನ ಬೈಬಲನ್ನು ಅವನೇ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟ. ಓದಿದೆ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ. ಕಣ್ಣು ತೆರೆದಾಗ ಅವನೂ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ತಲೆ ಬಗ್ಗಿಸಿದ್ದ.

"ನಿಮ್ಮೋರಾಗೆ ನೀವೊಬ್ರೇ ನೋಡ್ರಿ ಆಕೇನ ಬಿಡದಿದ್ದೋರು" ಎಂದ. "ಕಡೀಗೂ ಅಕ್ಕ ಅಕ್ಕ ಅಂತ್ಲೇ ಇದ್ಲು. ನಿಮ್ ಮ್ಯಾಲೆ ಭಾಳ ನಂಬಿಕೆ ಆಕೀಗೆ."

ನಾನು ಅವನ ಮುಖ ನೋಡಿದೆ. ಜೋಡಿಸಿಕೊಂಡು ಬಂದ ಮಾತೆಲ್ಲ ನಾಲಿಗೆಯ ಮೇಲೇ ಇತ್ತು. "ಹೂಂ ಕಣಪ್ಪಾ" ಎಂದೆ. ಊಟಕ್ಕೆ ಕರೆದ, ಹೋದೆ. ನಾನು ಬೇಡ ಬೇಡ ಎಂದರೂ ಎರಡು ಸಲ ಬಡಿಸಿದ. ಉಂಡು, ಸಂಜೆಯ ಬಸ್ಸಿಗೆ ಚನ್ನಗಿರಿಗೆ ಬಂದೆ.

ಅವನ ಮುಂದೆ ಹೇಳಲಾಗದ್ದನ್ನು ಈಗ ಒಂದಕ್ಷರ ಬಿಡದೆ ಇಲ್ಲಿ ಬರೆದಿದ್ದೇನೆ. ಅವನಿಗೆ ಓದಲು ಬರುವುದಿಲ್ಲ. ಬರುತ್ತಿದ್ದರೆ ಇದನ್ನೂ ಬರೆಯುತ್ತಿರಲಿಲ್ಲ.